ನಲವತ್ತೊಂದು ತಂತಿ

ಜಯನಗರ ಮೂರನೇ ಬ್ಲಾಕ್, ಬೆಂಗಳೂರು
೩ ಸೆಪ್ಟೆಂಬರ್ ೧೯೬೭

ಅಮ್ಮಣ್ಣಿಗೆ ನಿನ್ನ ಅಣ್ಣ ಸೇತುರಾಮ ಮಾಡುವ ಆಶೀರ್ವಾದ.

ಹೋದ ತಿಂಗಳು ನೀನು ಹಾಕಿದ ಕಾರ್ಡು ಒಂಬತ್ತು ದಿನ ಬೀದಿ ಅಲೆದು ಮನೆಗೆ ಬಂತು. ವಿಳಾಸದಲ್ಲಿ ಬರೀ ಜಯನಗರ ಎಂದು ಬರೆದಿದ್ದೆ. ನಿನ್ನ ಯಜಮಾನ ಗಂಗಾಧರಯ್ಯ ಊರಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ, ವಿಳಾಸ ನಿನ್ನ ಕೈ ಬರಹ. ಇದು ನಿಮ್ಮ ಟ್ರಿಪ್ಲಿಕೇನಿನ ಸಂದಿಯಲ್ಲ, ಹೆಸರು ಹೇಳಿದರೆ ನಾಲ್ಕು ಜನ ಎದ್ದು ಮನೆ ತೋರಿಸುವುದಕ್ಕೆ. ಇಲ್ಲಿ ಬ್ಲಾಕು, ಮೇನು, ಕ್ರಾಸು, ನಂಬರು ನಾಲ್ಕೂ ಇರಬೇಕು. ವಿಳಾಸ ತಪ್ಪಿದರೆ ಏನಾಗುತ್ತದೆ ಎಂದು ನಿನಗೆ ಹೇಳಿಕೊಡಬೇಕೆ? ಥರ್ಡ್ ಎಂದು ಬರೆಯುವ ಕಡೆ ನೀನು ಫೋರ್ತ್ ಬ್ಲಾಕ್ ಎಂದು ಬರೆದು ತಂತಿ ಕೊಟ್ಟೆ, ಅದು ಮೂರು ದಿನ ತಡವಾಗಿ ಬಂದು ಹೆತ್ತ ತಾಯಿಯ ಚಿತೆಗೆ ಮಗ ಬೆಂಕಿ ಇಡುವುದು ತಪ್ಪಿತು. ಬಯ್ಯುತ್ತಿಲ್ಲ, ನೆನಪಿಸುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯ ಹಿತರಕ್ಷಣಾ ಸಂಘಕ್ಕೆ ಹತ್ತು ವರ್ಷ ತುಂಬಿತಂತೆ. ಯಾರ ಹಿತವನ್ನು ಎಲ್ಲಿ ರಕ್ಷಿಸಿತೋ ನನಗೆ ತಿಳಿಯದು, ನಮ್ಮ ಕ್ರಾಸಿನ ಮೋರಿ ಇವತ್ತಿಗೂ ಬಾಯಿ ತೆರೆದುಕೊಂಡೇ ಇದೆ. ಕಾರ್ಯದರ್ಶಿ ಶಂಭುಲಿಂಗಪ್ಪ ಮರದ ವ್ಯಾಪಾರಿ. ಒಂದು ದಿಮ್ಮಿ ನೋಡಿದರೆ ಎಷ್ಟು ಅಡಿ ಎಂದು ಹೇಳಬಲ್ಲ, ಒಂದು ವಾಕ್ಯ ನೋಡಿದರೆ ಎಲ್ಲಿ ಮುಗಿಯುತ್ತದೆ ಎಂದು ಹೇಳಲಾರ. ರಾಜ್ಯೋತ್ಸವದ ದಿನ ಒಂದು ಸ್ಮರಣ ಸಂಚಿಕೆ ತರುತ್ತಾನಂತೆ. ಅದರಲ್ಲಿ ಅವನ ಹೆಂಡತಿಯ ಪದ್ಯವಿದೆ, ಬೀದಿ ನಲ್ಲಿಯ ಮೇಲೆ. ಮೊನ್ನೆ ಬಂದು, "ಸಾರ್, ಸಂಘ ಹುಟ್ಟಿದ ವರ್ಷದ ಬಗ್ಗೆ ನೀವೇ ಒಂದು ನಾಲ್ಕು ಪುಟ ಬರ್ಕೊಡಿ. ಆಗಿನ ಸುದ್ದಿ, ಆಗಿನ ರೇಟು, ಆಗಿನ ಜನ" ಎಂದ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನು ನಾನು, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಇಲ್ಲಿ ಇನ್ನು ಯಾರಿಗೆ ಬರೆಯಲು ಬರುತ್ತದೆ? ಒಪ್ಪಿಕೊಂಡೆ.

೧೯೫೭ ಎಂದರೆ ನಮ್ಮ ವಿಮಲಾಳ ಮದುವೆಯ ವರ್ಷ, ಅಮ್ಮ ಹೋದ ವರ್ಷ. ದೊಡ್ಡ ವಿಷಯಗಳೆಲ್ಲ ನನ್ನ ತಲೆಯಲ್ಲಿವೆ. ಸಣ್ಣಪುಟ್ಟವು ನಿನಗೆ ನೆನಪಿರುತ್ತವೆ, ಹೆಂಗಸರಿಗೆ ಅದೇ ಕೆಲಸ ತಾನೆ. ಯಾವ ತಿಂಗಳಲ್ಲಿ ಏನಾಯಿತು, ಯಾವುದಕ್ಕೆ ಎಷ್ಟಿತ್ತು, ಬರೆದು ಕಳಿಸು. ಅಕ್ಕಿ ಆಗ ರೂಪಾಯಿಗೆ ಎರಡು ಸೇರು ಎಂದು ನನ್ನ ನೆನಪು. ನಿನ್ನ ಅತ್ತಿಗೆ ಮೀನಾಕ್ಷಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ಸೇತುರಾಮ


ಟ್ರಿಪ್ಲಿಕೇನ್, ಮದ್ರಾಸು
೧೨ ಸೆಪ್ಟೆಂಬರ್ ೧೯೬೭

ಅಣ್ಣನವರಿಗೆ ಮತ್ತು ಅತ್ತಿಗೆಯವರಿಗೆ ಅಮ್ಮಣ್ಣಿಯ ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಕಾರ್ಡಿನ ವಿಷಯ ನೀವು ಬರೆದದ್ದು ಸರಿ. ನಮ್ಮ ಮನೆಯವರು ಆವತ್ತು ಕಂಚಿಗೆ ಹೋಗಿದ್ದರು. ಅವರು ಬರುವವರೆಗೆ ಕಾಯಬೇಕಿತ್ತು. ನಿಮಗೆ ಗೊತ್ತಿದೆಯೋ ಇಲ್ಲವೋ, ಅಮ್ಮ ಹೋದ ಮೇಲೆ ಈ ಮನೆಯಿಂದ ಹೊರಡುವ ಕಾಗದಗಳಿಗೆಲ್ಲ ವಿಳಾಸ ಬರೆಯುವುದು ಅವರೇ. ನನ್ನ ಕೈಯಿಂದ ಕವರು ತೆಗೆದುಕೊಳ್ಳುತ್ತಾರೆ. ಈಗ ಸೀನುಗೂ ಅಭ್ಯಾಸವಾಗಿದೆ, ಶಾಲೆಯಿಂದ ಏನಾದರೂ ಬರೆಯಬೇಕಾದರೆ, "ಅಮ್ಮ ನೀನು ಬೇಡ, ಅಪ್ಪ ಬರಲಿ" ಎನ್ನುತ್ತಾನೆ.

ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ಚುನಾವಣೆ ಮುಗಿದ ಗಲಾಟೆಯಲ್ಲಿ ಸೀನು ಹುಟ್ಟಿದ, ಮಾರ್ಚಿನಲ್ಲಿ. ಬಾಣಂತನಕ್ಕೆ ಅಮ್ಮ ಬಂದಳು. ಏಪ್ರಿಲ್ ಒಂದಕ್ಕೆ ನಯಾ ಪೈಸೆ ಬಂತು. ಎರಡಾಣೆಗೆ ಹನ್ನೆರಡು ಪೈಸೆಯೋ ಹದಿಮೂರೋ ಎಂದು ಸೊಪ್ಪಿನವಳ ಜೊತೆ ಅಮ್ಮ ದಿನವೂ ಜಗಳ. ಅವಳು ತಮಿಳಿನಲ್ಲಿ, ಅಮ್ಮ ಕನ್ನಡದಲ್ಲಿ, ಗೆಲ್ಲುತ್ತಿದ್ದದ್ದು ಅಮ್ಮ. ಅದೇ ತಿಂಗಳು ಸಂಜೆ ಹೊತ್ತು ಬಾಲದ ಚುಕ್ಕಿ ಕಾಣಿಸಿತು. ಬಾಣಂತಿ ನೋಡಬಾರದೆಂದು ನನ್ನನ್ನು ಒಳಗೆ ತಳ್ಳಿ, ತಾನು ಮಾತ್ರ ಮಹಡಿಯಲ್ಲಿ ನಿಂತು ಕಣ್ತುಂಬ ನೋಡಿದಳು. ಮೇ ತಿಂಗಳಲ್ಲಿ ಹಡಗಿನಿಂದ ಆ ಹೊಸ ಫ್ಲೂ ಇಳಿಯಿತು. ನಮ್ಮ ಬೀದಿಯಲ್ಲಿ ಮಲಗದ ಮನೆ ಇರಲಿಲ್ಲ. ವಿಮಲಾಳ ಮದುವೆಗೆಂದು ಅಮ್ಮ ತನ್ನ ಟ್ರಂಕು ಕಟ್ಟಿಟ್ಟಿದ್ದಳು, ಮೇಲೆ ಜರತಾರಿ ಸೀರೆ. ಅಷ್ಟರಲ್ಲಿ ಅವಳೂ ಮಲಗಿದಳು, ಮಗುವೂ ಮಲಗಿತು, ಅದಕ್ಕೇ ನಮಗೆ ಯಾರಿಗೂ ಬರಲಾಗಲಿಲ್ಲ. ಅಕ್ಟೋಬರಿನಲ್ಲಿ ರಷ್ಯಾದವರು ಆಕಾಶಕ್ಕೆ ಗೋಳ ಹಾರಿಸಿದರು. ಅಮ್ಮ ಇದ್ದಿದ್ದರೆ ಅದನ್ನೂ ನೋಡಬೇಡ ಎನ್ನುತ್ತಿದ್ದಳು.

ಅಕ್ಕಿ ರೂಪಾಯಿಗೆ ಎರಡು ಸೇರು ಇರಲಿಲ್ಲ, ಒಂದೂವರೆ. ಎರಡು ಸೇರು ಅದಕ್ಕಿಂತ ಹಿಂದಿನ ಮಾತು.

ಒಂದು ಬೇಡಿಕೆ ಇದೆ, ಅಣ್ಣ. ಅಮ್ಮನ ಬಗ್ಗೆ ಬರೆಯಿರಿ, ಆದರೆ ತಂತಿ ತಡವಾದ ವಿಷಯ ಅಚ್ಚಿನಲ್ಲಿ ಬರುವುದು ಬೇಡ. ಪ್ರತಿ ವರ್ಷ ಜ್ಯೇಷ್ಠದಲ್ಲಿ ನಿಮ್ಮ ಮನೆಗೆ ಅಮ್ಮನ ಶ್ರಾದ್ಧಕ್ಕೆ ಬರುತ್ತೇನೆ. ಬ್ರಾಹ್ಮಣರು ಊಟಕ್ಕೆ ಕುಳಿತಾಗ ನೀವು ಆ ವಿಳಾಸದ ಕಥೆ ಹೇಳುತ್ತೀರಿ, ನಾನು ಬಡಿಸುತ್ತಾ ಕೇಳುತ್ತೇನೆ. ಅದು ನನ್ನ ತಪ್ಪು, ಹೇಳುವುದು ನಿಮ್ಮ ಹಕ್ಕು. ಆದರೆ ಪುಸ್ತಕವಾದರೆ ಉಳಿದುಬಿಡುತ್ತದೆ. ನನಗೆ ನಾಚಿಕೆಯಾಗುತ್ತದೆ.

ಅಮ್ಮಣ್ಣಿ


ಜಯನಗರ ಮೂರನೇ ಬ್ಲಾಕ್
೨೦ ಸೆಪ್ಟೆಂಬರ್ ೧೯೬೭

ಅಮ್ಮಣ್ಣಿಗೆ ಆಶೀರ್ವಾದ.

ಅಕ್ಕಿ ಎರಡು ಸೇರೇ. ಮದ್ರಾಸಿನ ಅಕ್ಕಿಯ ರೇಟು ಯಾರು ಕೇಳಿದರು? ಮಿಕ್ಕಿದ್ದರಲ್ಲಿ ಕೆಲವನ್ನು ಬಳಸಿಕೊಂಡಿದ್ದೇನೆ, ಸೊಪ್ಪಿನವಳನ್ನು ಬಿಟ್ಟು. ಅಚ್ಚಿನಲ್ಲಿ ಬರುವ ಲೇಖನಕ್ಕೆ ಒಂದು ಘನತೆ ಬೇಡವೆ?

ಲೇಖನ ಮುಗಿಯಿತು. ಶಂಭುಲಿಂಗಪ್ಪ ಓದಿ, "ಸಖತ್ತಾಗಿದೆ ಸಾರ್" ಎಂದ. ಎರಡನೆಯ ಪುಟ ತಿರುಗಿಸಿದ್ದನ್ನು ನಾನು ನೋಡಲಿಲ್ಲ. ನಿನಗೆ ಸಂಬಂಧಪಟ್ಟ ಭಾಗವನ್ನು ಇಲ್ಲಿ ಇಳಿಸಿದ್ದೇನೆ. ನಿನ್ನ ಬೇಡಿಕೆಯಂತೆ ತಡವಾದ ತಂತಿಯ ಸೊಲ್ಲೇ ಎತ್ತಿಲ್ಲ. ನಿನ್ನ ಮಾನ ಉಳಿಸಿದ್ದಲ್ಲದೆ ನಿನ್ನ ಮನೆಗೆ ಒಂದು ಗೌರವವನ್ನೂ ಒದಗಿಸಿದ್ದೇನೆ. ಓದಿ ನೋಡು.

"ಅಂದು ಈ ಬಡಾವಣೆಯಲ್ಲಿ ಮನೆಗಳು ಬೆರಳೆಣಿಕೆ. ಇಂದು ನಾಲ್ಕನೇ ಬ್ಲಾಕ್ ಎಂದು ಬೀಗುವ ಜಾಗದಲ್ಲಿ ರಾಗಿ ಹೊಲ. ಹೋಟೆಲಿನಲ್ಲಿ ಎರಡಾಣೆಯ ಕಾಫಿಗೆ ಹದಿಮೂರು ಪೈಸೆ ಕಿತ್ತುಕೊಂಡು, ಅರ್ಧ ಪೈಸೆಯ ಕಳ್ಳತನವನ್ನು ದಶಮಾಂಶ ಪದ್ಧತಿ ಎಂದು ಕರೆದರು. ಚಿನ್ನ ತೊಲಕ್ಕೆ ನೂರರ ಆಸುಪಾಸು. ಜನಕ್ಕೆ ಮರ್ಯಾದೆ ಇತ್ತು. ಇಂದಿನಂತೆ ಕಾಂಪೌಂಡಿನ ಮೇಲೆ ಚಡ್ಡಿ ಒಣಹಾಕುವ ನೆರೆಹೊರೆ ಇರಲಿಲ್ಲ, ಏಕೆಂದರೆ ನೆರೆಹೊರೆಯೇ ಇರಲಿಲ್ಲ.

"ಆ ವರ್ಷ ಜೂನ್ ಹತ್ತರಂದು, ಸೋಮವಾರ, ನನ್ನ ಮಗಳ ವಿವಾಹ. ಪಕ್ಕದ ಖಾಲಿ ಸೈಟಿನಲ್ಲಿ ಚಪ್ಪರ. ಈ ಬಡಾವಣೆಯ ಮದುವೆಯೊಂದಕ್ಕೆ ಮೈಕು ಬಂದದ್ದು ಅದೇ ಮೊದಲು. ಆರತಕ್ಷತೆಯ ಸಂಜೆ ಶುಭಾಶಯದ ತಂತಿಗಳನ್ನು ನಾನೇ ಮೈಕಿನಲ್ಲಿ ಓದಿದೆ. ಒಟ್ಟು ನಲವತ್ತೊಂದು. ಮೊದಲು ಬಂದದ್ದು ಮದ್ರಾಸಿನ ಅರ್ಜೆಂಟ್ ತಂತಿ, ಮುಹೂರ್ತದ ಹಿಂದಿನ ದಿನವೇ. ಅದು ಅಲ್ಲಿ ನನ್ನ ತಂಗಿಯ ಮನೆಯಲ್ಲಿದ್ದ ನನ್ನ ತಾಯಿಯವರ ಆಶೀರ್ವಾದ. ಅದನ್ನೇ ಎಲ್ಲಕ್ಕಿಂತ ಮೊದಲು ಓದಿದೆ. ಸಭೆ ಗದ್ಗದವಾಯಿತು. ಯಡಿಯೂರಿನ ವೃದ್ಧ ರೈತ ಚಿಕ್ಕಬೈರಪ್ಪ ಇಂದಿಗೂ ನೆನೆಯುತ್ತಾನೆ: 'ಹೊಲದಾಗೆ ತಂತಿಯೋನು ಸೈಕಲ್ ತಳ್ಕೊಂಡು ಅಲೀತಿದ್ದ. ಮದ್ವೆ ಮನೆ ಅಂದ್ರೆ ಅದೊಂದೇ ಅಲ್ವ್ರಾ, ನಾನೇ ಕರ್ಕೊಂಬಂದೆ. ತಂತಿ ಓದ್ಬುಟ್ಟು ಸ್ವಾಮೇರು ಬಾಳೆ ಕಂಬ ಹಿಡ್ಕೊಂಡು ನಿಂತ್ಬುಟ್ರು. ಆಮ್ಯಾಕೆ ನಂಗೆ ಎಲ್ಡು ಲಾಡು ಕೊಟ್ರು.' ತಾಯಿಯ ಹರಕೆಯ ಶಕ್ತಿ ಅಂಥದು. ಇಂದಿನ ಪೀಳಿಗೆಗೆ ಇದು ಅರ್ಥವಾಗದು."

ಹೇಗಿದೆ? ಚಿಕ್ಕಬೈರಪ್ಪನಿಗೆ ಹಾಲು ಅಳೆಯುವುದು ಬಿಟ್ಟು ಬೇರೇನೂ ತಿಳಿಯದು. ಆದರೂ ಸ್ಥಳೀಯರ ಒಂದು ಮಾತಿರಲಿ ಎಂದು ಸೇರಿಸಿದೆ.

ಸೇತುರಾಮ


ಮದ್ರಾಸು
೨೭ ಸೆಪ್ಟೆಂಬರ್ ೧೯೬೭

ಅಣ್ಣನವರಿಗೆ ನಮಸ್ಕಾರ.

ಲೇಖನ ಓದಿದೆ. ಎರಡು ಸಾರಿ ಓದಿದೆ. ಅಚ್ಚಿಗೆ ಹೋಗುವ ಮೊದಲು ಎರಡು ವಿಷಯ ಕೇಳಬೇಕಾಗಿದೆ. ಮದ್ರಾಸಿನ ಆ ತಂತಿ ಭಾನುವಾರ ಬಂತೆಂಬುದು ನಿಮಗೆ ಖಂಡಿತವೆ? ಮದುವೆಗೆ ಮದ್ರಾಸಿನಿಂದ ಬಂದದ್ದು ಅದೊಂದೇ ತಂತಿಯೆ, ನಮ್ಮ ಕಡೆಯವರು ಬೇರೆ ಯಾರಾದರೂ ಕಳಿಸಿದ್ದರೆ? ಹೆಸರು ಬಿಟ್ಟುಹೋದರೆ ಅವರು ನೊಂದುಕೊಳ್ಳುತ್ತಾರೆ.

ಅಮ್ಮಣ್ಣಿ


ಜಯನಗರ ಮೂರನೇ ಬ್ಲಾಕ್
೨ ಅಕ್ಟೋಬರ್ ೧೯೬೭

ಅಮ್ಮಣ್ಣಿಗೆ ಆಶೀರ್ವಾದ.

ನಿನ್ನ ಕಾರ್ಡು ಓದಿ ನಗು ಬಂತು. ನಿನ್ನ ಹೆಸರನ್ನು ಬರೆಯದೆ ಬರಿಯ ತಂಗಿ ಎಂದದ್ದಕ್ಕೆ ಮುನಿಸು, ಅದನ್ನು ಬೇರೆಯವರ ಮೇಲೆ ಹಾಕಿ ಕೇಳಿದ್ದೀಯೆ. ಅಚ್ಚಿನಲ್ಲಿ ಹೆಸರು ನೋಡುವ ಚಪಲ ಶಂಭುಲಿಂಗಪ್ಪನ ಹೆಂಡತಿಯಿಂದ ನಿನ್ನವರೆಗೆ ಎಲ್ಲ ಹೆಂಗಸರಿಗೂ ಒಂದೇ. ಆಗಲಿ, "ತಂಗಿ ಅಮ್ಮಣ್ಣಿ" ಎಂದು ಸೇರಿಸಿದ್ದೇನೆ.

ತಂತಿ ಬಂದದ್ದು ಭಾನುವಾರವೇ, ಮಧ್ಯಾಹ್ನ, ವರಪೂಜೆಗೆ ಬೀಗರು ಇನ್ನೂ ಬಂದಿರಲಿಲ್ಲ. ಮದ್ರಾಸಿನಿಂದ ಅದೊಂದೇ. ಇನ್ನೊಂದು ತಂತಿ, ಆ ಕೆಟ್ಟ ತಂತಿ, ನಿನ್ನ ವಿಳಾಸದ ಪಾಂಡಿತ್ಯದಿಂದ ಬುಧವಾರ ಬಂತು, ಅದು ಬೇರೆ. ನನ್ನ ನೆನಪನ್ನು ಪರೀಕ್ಷೆ ಮಾಡುವಷ್ಟು ನೀನು ಇನ್ನೂ ಬೆಳೆದಿಲ್ಲ.

ಸೇತುರಾಮ


ಮದ್ರಾಸು
೯ ಅಕ್ಟೋಬರ್ ೧೯೬೭

ಅಣ್ಣ,

ನಾನು ಜೀವಮಾನದಲ್ಲಿ ನಿನಗೆ ಕೊಟ್ಟದ್ದು ಒಂದೇ ತಂತಿ. ಅದರ ರಸೀತಿ ನನ್ನ ಕುಂಕುಮದ ಡಬ್ಬಿಯ ಅಡಿಯಲ್ಲಿ ಹತ್ತು ವರ್ಷದಿಂದ ಇದೆ. ಜೂನ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳೂಕಾಲು. ಅಮ್ಮ ಹೋದದ್ದು ಅವತ್ತು ಬೆಳಗಿನ ಜಾವ. "ಮದರ್ ಎಕ್ಸ್‌ಪೈರ್ಡ್. ಸ್ಟಾರ್ಟ್ ಇಮ್ಮೀಡಿಯೇಟ್ಲಿ. ವೈಟಿಂಗ್." ಕೊನೆಯ ಪದ ಬೇಡ, ಅದಿಲ್ಲದೆಯೂ ಅರ್ಥವಾಗುತ್ತದೆ ಎಂದು ಮನೆಯವರು ಹೇಳಿದರು. ನಾನು ಹಟ ಮಾಡಿ ಸೇರಿಸಿದೆ.

ಮದುವೆಗೆ ನಾವು ಶುಭಾಶಯದ ತಂತಿ ಕಳಿಸಲಿಲ್ಲ. ಅಮ್ಮನಿಗೆ ಜ್ವರ ಇಳಿದ ಮೇಲೆ ಅವಳ ಕೈಯಿಂದಲೇ ಒಂದು ಸಾಲು ಬರೆಸಿ ಕಾಗದ ಹಾಕೋಣ ಎಂದುಕೊಂಡಿದ್ದೆ. ಹಾಗಾದರೆ ನೀನು ಮೈಕಿನಲ್ಲಿ ಆಶೀರ್ವಾದವೆಂದು ಓದಿದ್ದು ಯಾವುದನ್ನು?

ಎರಡು ತಂತಿ ಇದ್ದವೆಂದು ನೀನೇ ನಂಬಿಬಿಟ್ಟಿದ್ದೀಯೆ. ಮದುವೆಗೆ ಬಂದವರಿಗೆ ಒಂದು ಕಥೆ, ನಮಗೆ ಇನ್ನೊಂದು. ಹತ್ತು ವರ್ಷ ಎರಡನ್ನೂ ಹೇಳಿ ಹೇಳಿ ಎರಡೂ ನಿಜವಾಗಿಬಿಟ್ಟಿವೆ, ರೂಪಾಯಿಗೆ ಎರಡು ಸೇರು ಅಕ್ಕಿಯ ಹಾಗೆ. ಹಾಲು ಅಳೆಯುವುದು ಬಿಟ್ಟು ಬೇರೇನೂ ತಿಳಿಯದ ಚಿಕ್ಕಬೈರಪ್ಪನಿಗೆ ನೀನು ಬಾಳೆ ಕಂಬ ಹಿಡಿದು ನಿಂತದ್ದು ನೆನಪಿದೆ. ಫೋರ್ತ್ ಬ್ಲಾಕ್ ಎಂದು ನಾನು ಬರೆದದ್ದು ತಪ್ಪೇ. ಆದರೆ ಆ ತಪ್ಪನ್ನು ಅವನು ಹೊಲದಲ್ಲೇ ತಿದ್ದಿ, ತಂತಿಯನ್ನು ನಿನ್ನ ಕೈಗೆ ತಂದು ಕೊಟ್ಟಿದ್ದ. ರಾತ್ರಿಯ ಮೇಲ್ ರೈಲು ಹತ್ತಿದ್ದರೆ ಸೋಮವಾರ ಬೆಳಿಗ್ಗೆ ನೀನು ಇಲ್ಲಿರುತ್ತಿದ್ದೆ. ಸೋಮವಾರ ಮಧ್ಯಾಹ್ನದವರೆಗೆ ಕಾದೆವು. ಅಮ್ಮನ ಸುತ್ತ ಮಂಜುಗಡ್ಡೆ ಕರಗಿ ಕರಗಿ ಹಜಾರವೆಲ್ಲ ನೀರು. ಎಂಟು ದಿನ ಜ್ವರ ಬಿದ್ದು ಎದ್ದಿದ್ದ ಅಳಿಯ, ನಮ್ಮ ಮನೆಯವರು, ಎರಡು ಕಡೆ ಜನ ಹಿಡಿದುಕೊಂಡು, ಬೆಂಕಿ ಇಟ್ಟರು. ಅದೇ ಸಂಜೆ ನಿನ್ನ ಮೈಕಿನಲ್ಲಿ ಅಮ್ಮ ಆಶೀರ್ವಾದ ಮಾಡುತ್ತಿದ್ದಳು.

ಸೂತಕ ಬಂದರೆ ಮದುವೆ ನಿಲ್ಲುತ್ತಿತ್ತು, ಅದು ನನಗೆ ಗೊತ್ತಿಲ್ಲವೆ? ವಿಮಲಾಳಿಗೆ ಅದು ಮೂರು ತಪ್ಪಿದ ಮೇಲೆ ಕೂಡಿದ ನಾಲ್ಕನೆಯ ಸಂಬಂಧ, ಹಿಂದೆಯೇ ಆಷಾಢ, ಬೀಗರು ಇನ್ನೇನು ಬಾಗಿಲಿಗೆ ಬರುತ್ತಾರೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಆ ತಂತಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆನೋ ಏನೋ. ಅಮ್ಮನೇ ಎದ್ದು ಬಂದಿದ್ದರೂ ಮೊದಲು ಮದುವೆ ಮುಗಿಸು ಎನ್ನುತ್ತಿದ್ದಳು. ಇಲ್ಲಿಗೆ ಬಂದ ದಿನ ನನ್ನೊಬ್ಬಳನ್ನು ಹಿತ್ತಲಿಗೆ ಕರೆದು, ಹೀಗಾಯಿತು ಅಮ್ಮಣ್ಣಿ ಎಂದಿದ್ದರೆ ಸಾಕಿತ್ತು. ಇಬ್ಬರೂ ಅತ್ತು ಮುಗಿಸುತ್ತಿದ್ದೆವು.

ನೀನು ಮಾಡಿದ್ದೇನು? ಹತ್ತನೆಯ ದಿನ ಬಂದವರೆಲ್ಲರ ಎದುರು ಆ ತಂತಿಯನ್ನು ಜೇಬಿನಿಂದ ತೆಗೆದೆ. ವಿಳಾಸದ ಮೇಲೆ ಬೆರಳಿಟ್ಟು, "ಓದಿದೋಳು ಅಂತ ಹೆಮ್ಮೆ ಪಡ್ತಿದ್ವಿ. ನೋಡಿ, ಅಣ್ಣನ ಮನೆ ವಿಳಾಸ ಬರೆಯೋಕ್ಕೆ ಬರಲ್ಲ ಇವಳಿಗೆ" ಎಂದೆ. ಆ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. ಅವತ್ತಿನಿಂದ ನನ್ನ ಕೈಗೆ ಯಾರೂ ಕವರು ಕೊಟ್ಟಿಲ್ಲ. ನಿನಗೆ ಹೆದರಿ ಸುಮ್ಮನಿದ್ದೆ ಎಂದುಕೊಳ್ಳಬೇಡ. ನನ್ನ ಮೇಲೆ ನನಗೇ ಹೇಸಿಗೆಯಾಗಿ ಸುಮ್ಮನಿದ್ದೆ. ಆ ಹೇಸಿಗೆ ನಿನಗೆ ಸೇರಬೇಕಾದದ್ದು, ಹತ್ತು ವರ್ಷ ನಾನು ಇಟ್ಟುಕೊಂಡಿದ್ದೆ, ಈಗ ವಾಪಸ್ಸು ತೆಗೆದುಕೋ.

ವಿಮಲಾಳಿಗೆ ನಾನು ಹೇಳುವುದಿಲ್ಲ. ಅವಳ ಮದುವೆಯ ದಿನ ಅವಳಿಗೆ ಮದುವೆಯ ದಿನವಾಗಿಯೇ ಇರಲಿ. ನಿನ್ನಿಂದ ನನಗೆ ಬೇಕಾದದ್ದು ಒಂದೇ ಸಾಲು. "ತಂತಿ ಭಾನುವಾರವೇ ತಲುಪಿತ್ತು" ಎಂದು ನಿನ್ನ ಕೈಯಲ್ಲಿ ಬರೆದು, ಸಹಿ ಮಾಡಿ, ನಮ್ಮ ಮನೆಯವರ ಹೆಸರಿಗೆ ಕಳಿಸು. ನೆಪ ಹೇಳಬೇಡ, ಕ್ಷಮೆ ಕೇಳಬೇಡ.

ಈ ಕಾಗದದ ವಿಳಾಸ ನಾನೇ ಬರೆದಿದ್ದೇನೆ. ಬೇಕೆಂದೇ ಫೋರ್ತ್ ಬ್ಲಾಕ್ ಎಂದು ಹಾಕಿದ್ದೇನೆ. ತಲುಪುತ್ತದೆ.

ಅಮ್ಮಣ್ಣಿ


ಜಯನಗರ ಮೂರನೇ ಬ್ಲಾಕ್
೨೨ ನವೆಂಬರ್ ೧೯೬೭

ಚಿ. ಸೌ. ಅಮ್ಮಣ್ಣಿಗೆ ಅನೇಕ ಆಶೀರ್ವಾದಗಳು.

ಸೆಪ್ಟೆಂಬರ್ ಕೊನೆಯ ನಿನ್ನ ಕಾರ್ಡಿನ ನಂತರ ನಿನ್ನಿಂದ ಪತ್ರವಿಲ್ಲ. ಬರೆದಿದ್ದರೂ ಬರೆದಿರಬಹುದು, ನಮಗೆ ತಲುಪಿಲ್ಲ. ವಿಳಾಸದ ವಿಷಯದಲ್ಲಿ ನಿನಗೆ ಎಷ್ಟು ಸಾರಿ ಹೇಳುವುದು. ಗಂಗಾಧರಯ್ಯನವರ ಕೈಯಲ್ಲೇ ಬರೆಸು.

ದೀಪಾವಳಿ ಚೆನ್ನಾಗಿ ಆಯಿತು. ಈ ವರ್ಷದ ಅಕ್ಕಿಯಲ್ಲಿ ಕಲ್ಲೇ ಹೆಚ್ಚು, ಅದನ್ನೂ ಸಾಲಿನಲ್ಲಿ ನಿಂತು ತರಬೇಕು. ರಾಜ್ಯೋತ್ಸವದ ದಿನ ಸಂಚಿಕೆ ಬಿಡುಗಡೆಯಾಯಿತು. ಶಂಭುಲಿಂಗಪ್ಪ ಮುಕ್ಕಾಲು ಗಂಟೆ ಮಾತಾಡಿದ, ಅದರಲ್ಲಿ ನನ್ನ ಲೇಖನದ ಹೆಸರು ಒಂದು ಸಾರಿಯೂ ಬರಲಿಲ್ಲ. ಬೀದಿ ನಲ್ಲಿಯ ಪದ್ಯವನ್ನು ಹಾಡಿಯೂ ತೋರಿಸಿದರು. ಒಂದು ಪ್ರತಿಯನ್ನು ಬುಕ್ ಪೋಸ್ಟಿನಲ್ಲಿ ಹಾಕಿದ್ದೇನೆ. ಜಾಗ ಸಾಲದೆ ಲೇಖನವನ್ನು ಅಲ್ಲಲ್ಲಿ ಕತ್ತರಿಸಿದ್ದಾರೆ, ಅಚ್ಚಿನವರ ಕೆಲಸ, ನನ್ನದಲ್ಲ.

ಜ್ಯೇಷ್ಠದಲ್ಲಿ ಅಮ್ಮನ ಶ್ರಾದ್ಧಕ್ಕೆ ಈ ಸಲ ನೀನು ಅಷ್ಟು ದೂರದಿಂದ ಬರಬೇಕಾಗಿಲ್ಲ. ನಿನಗೂ ವಯಸ್ಸಾಯಿತು, ರೈಲಿನಲ್ಲಿ ನೂಕುನುಗ್ಗಲು. ಮೀನಾಕ್ಷಮ್ಮ ಸಂಭಾಳಿಸುತ್ತಾಳೆ.

ಸೇತುರಾಮ


ಮದ್ರಾಸು
೧ ಡಿಸೆಂಬರ್ ೧೯೬೭

ಅಣ್ಣ,

ಸಂಚಿಕೆ ಬಂತು. ಹದಿನೇಳನೆಯ ಪುಟ ನೋಡಿದೆ. ನಲವತ್ತೊಂದು ತಂತಿ ಈಗ ನಲವತ್ತಾಗಿದೆ. ಮದ್ರಾಸಿನ ತಂತಿ ಇಲ್ಲ, ಅಮ್ಮನ ಆಶೀರ್ವಾದ ಇಲ್ಲ, ತಂಗಿ ಅಮ್ಮಣ್ಣಿ ಇಲ್ಲ, ಚಿಕ್ಕಬೈರಪ್ಪನೂ ಇಲ್ಲ. ಹದಿಮೂರು ಪೈಸೆಯ ಕಾಫಿ ಇದ್ದಲ್ಲೇ ಇದೆ. ಅಕ್ಕಿ ಮಾತ್ರ ರೂಪಾಯಿಗೆ ಒಂದೂವರೆ ಸೇರಾಗಿದೆ. ಅಚ್ಚಿನವರು ಬಹಳ ಬುದ್ಧಿವಂತರು, ಕತ್ತರಿಸಬೇಕಾದದ್ದನ್ನು ಮಾತ್ರ ಕತ್ತರಿಸಿ, ಹೇಳದೆಯೇ ಲೆಕ್ಕವನ್ನೂ ತಿದ್ದಿದ್ದಾರೆ.

ನನ್ನ ಕಾಗದ ನಿನಗೆ ತಲುಪಿದೆ.

ಸಂಚಿಕೆಯನ್ನು, ನೀನು ಮೊದಲು ಕಳಿಸಿದ್ದ ಕೈಬರಹದ ಪುಟವನ್ನು, ಭಾನುವಾರವೇ ಎಂದು ಬರೆದ ನಿನ್ನ ಪತ್ರವನ್ನು, ನನ್ನ ರಸೀತಿಯನ್ನು ಒಟ್ಟಿಗೆ ಮನೆಯವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ಆಮೇಲೆ ಎದ್ದು ಹೋಗಿ ತಮ್ಮ ಲೇಖನಿಯನ್ನು ತಂದು ನನ್ನ ಕೈಗೆ ಕೊಟ್ಟು, "ವಿಳಾಸ ನೀನೇ ಬರಿ" ಎಂದರು. ಇನ್ನು ನಿನ್ನ ಒಂದು ಸಾಲು ನನಗೆ ಬೇಡ.

ಶ್ರಾದ್ಧಕ್ಕೆ ಬರಬೇಡ ಎಂದಿದ್ದೀಯೆ. ಬರುತ್ತೇನೆ, ಮನೆಯವರೂ ಬರುತ್ತಾರೆ. ಬ್ರಾಹ್ಮಣರು ಎಲೆಯ ಮುಂದೆ ಕುಳಿತಾಗ ನೀನು ಪ್ರತಿ ವರ್ಷ ಹೇಳುವ ಆ ವಿಳಾಸದ ಕಥೆಯನ್ನು ಈ ಸಲವೂ ಹೇಳು. ನಾನು ಎಂದಿನಂತೆ ಬಡಿಸುತ್ತಾ ಕೇಳುತ್ತೇನೆ. ನೀನು ಮರೆತರೆ ನಾನೇ ಹೇಳುತ್ತೇನೆ.

ಅಮ್ಮಣ್ಣಿ